ಆವಿಗೆಯ ಮೇಲಿನ ಹಲಗೆ

ಸೋಮವಾರ ಬೆಳಗ್ಗೆ ನಾನು ಅಂಗಡಿಯ ಬಾಗಿಲು ತೆಗೆದು, ಚಕ್ರದಣ್ಣನ ಸುಟ್ಟ ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು, ತೇಪೆಗೆ ಹೊಂದುವ ಬಟ್ಟೆ ಹುಡುಕುತ್ತಿದ್ದೆ. ಎರಡೂ ತೋಳುಗಳ ಅಡಿಭಾಗ ಮೊಣಕೈಯಿಂದ ಮುಂಗೈವರೆಗೆ ಕಂದಿ ಗರಿಗರಿಯಾಗಿತ್ತು. ಮುಟ್ಟಿದರೆ ಪುಡಿ ಉದುರುತ್ತಿತ್ತು. ಕಾಲರು, ಹೆಗಲು ಮಾತ್ರ ನಿನ್ನೆ ಹೊಲಿದಂತಿದ್ದವು. ಶನಿವಾರ ಸಂಜೆ ತನ್ನ ತಮ್ಮನ ಹೆಂಡತಿಯ ಶೆಡ್ಡಿನಲ್ಲಿ ಬೆಂಕಿ ಎದ್ದಾಗ ಓಡಿಹೋಗಿ ಆರಿಸಿದವನು ಅವನೇ. ಬೆಂಕಿ ಆರಿಸಿದವನ ಅಂಗಿ ಸುಡದೆ ನೋಡುತ್ತ ನಿಂತವರ ಅಂಗಿ ಸುಡುತ್ತದೆಯೇ ಎಂದುಕೊಂಡು ಸೂಜಿಗೆ ದಾರ ಪೋಣಿಸಿದೆ.

ಆಗಲೇ ಅವಳು ಬಂದಳು. ಬೀದಿಯವರೆಲ್ಲ ಅವಳನ್ನು ಜಿಗುಟಿ ಎನ್ನುತ್ತಿದ್ದರು. ಹಿಡಿದ ಮಣ್ಣನ್ನಾಗಲಿ ಹಿಡಿದ ಮಾತನ್ನಾಗಲಿ ಬಿಡುವವಳಲ್ಲ. ಕೈಯಲ್ಲಿ ಒಂದು ಬಿಳಿ ಬೋಗುಣಿ ಇತ್ತು, ಅಂಚಿನಿಂದ ತಳದವರೆಗೆ ಸೀಳಿದ್ದು. ನನ್ನನ್ನು ಕಣ್ಣೆತ್ತಿಯೂ ನೋಡದೆ, ಒಳಗೆ ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದ ಮೀಟರಮ್ಮನ ಮುಂದೆ ಅದನ್ನು ಕುಕ್ಕಿದಳು.

"ನಾನು ಅಳೋಕೆ ಬಂದಿಲ್ಲ ಮೀಟರಮ್ಮ. ಬೇಡಿಕೊಳ್ಳೋಕೂ ಬಂದಿಲ್ಲ. ಸಂಜೆ ಐದಕ್ಕೆ ಗಾಡಿ ಬರುತ್ತೆ, ನನ್ನ ಮಡಕೆ ಸುಡೋ ಆವಿಗೆ ಹೊತ್ಕೊಂಡು ಹೋಗೋಕೆ. ಅತ್ತೆ ಹೇಳಿ ಕಳಿಸಿದ್ದಾರೆ. ಬೆಂಕಿ ಹಚ್ಚಿದ್ದು ಆ ಆವಿಗೆ ಅಲ್ಲ ಅಂತ ಅಷ್ಟರೊಳಗೆ ತೋರಿಸ್ಕೊಡಿ. ಆಗದಿದ್ರೆ ಬಿಡಿ, ನಾನು ಗಾಡಿ ಮುಂದೆ ಅಡ್ಡ ಮಲಗ್ತೀನಿ."

"ಮಲಗೋದು ಐದು ಗಂಟೆಗೆ ತಾನೆ? ಈಗ ಕೂತ್ಕೋ," ಎಂದಳು ಮೀಟರಮ್ಮ.

ಮೀಟರಮ್ಮ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿರುವವಳು. ಮೂವತ್ತೆರಡು ವರ್ಷ ಮನೆಮನೆಗೆ ಹೋಗಿ ಕರೆಂಟಿನ ಮೀಟರು ಓದಿ ನಿವೃತ್ತಳಾದವಳು. ಯಾರ ಹಿತ್ತಿಲಲ್ಲಿ ಏನಿದೆ, ಯಾರ ನಾಯಿ ಕಚ್ಚುತ್ತದೆ, ಯಾವ ಮನೆಯಲ್ಲಿ ಎಷ್ಟು ದೀಪ ಉರಿಯುತ್ತದೆ, ಯಾವ ಮನೆಯಲ್ಲಿ ಮಾತು ನಿಂತಿದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಬೀದಿಯಲ್ಲಿ ಏನು ಕಳೆದರೂ, ಯಾರು ಯಾರನ್ನು ದೂರಿದರೂ ಜನ ಮೊದಲು ಅವಳ ಬೆಂಚಿಗೆ ಬರುತ್ತಿದ್ದರು. ನಾನು ಅವಳ ಹಿಂದೆ ಕೊಡೆ ಹಿಡಿದು ಹೋಗುವವನು. "ಸೂಜಿಯಪ್ಪ, ನಿನ್ನ ಕಣ್ಣು ಚೆನ್ನಾಗಿದೆ. ಆದ್ರೆ ಅದು ನಿನಗೆ ಏನೂ ಹೇಳಲ್ಲ," ಎಂದು ಆಗಾಗ ಚುಚ್ಚುತ್ತಿದ್ದಳು.

ಜಿಗುಟಿ ಕೂತು ಹೇಳಿದ್ದು ಇಷ್ಟು. ಅವಳ ಗಂಡನ ಮನೆಯವರು ಮಡಕೆ ಮಾಡುವವರು. ಗಂಡ ಲಾರಿ ಹತ್ತಿದ ಮೇಲೆ ಕಸುಬು ಉಳಿದದ್ದು ಅವನ ಅಣ್ಣನ ಕೈಯಲ್ಲಿ. ಸದಾ ಚಕ್ರದ ಮುಂದೆಯೇ ಕೂತಿರುವುದರಿಂದ ಅವನಿಗೆ ಚಕ್ರದಣ್ಣ ಎಂಬ ಹೆಸರು. ಅವನದು ಕೆಂಪು ಮಣ್ಣು, ಸೌದೆಯ ಆವಿಗೆ. ಜಿಗುಟಿ ನುಣುಪಾದ ಬಿಳಿ ಮಣ್ಣು ತರಿಸಿ, ಹಿತ್ತಿಲ ಶೆಡ್ಡಿನಲ್ಲಿ ಕರೆಂಟಿನ ಆವಿಗೆ ಇಡಿಸಿ, ಗಾಜಿನಂಥ ಲೇಪದ ಬೋಗುಣಿ ಮಾಡತೊಡಗಿದಳು. ಮೊದಲ ಸಣ್ಣ ಸುಡುವಿಕೆ ಚೆನ್ನಾಗಿ ಬಂದಿತ್ತು. "ಪೆಟ್ಟಿಗೆ ಒಳಗೆ ಬೆಂದಿದ್ದು ಮಡಕೆನಾ? ಅದು ಇಡ್ಲಿ," ಎಂದು ಭಾವ ಬೀದಿಯಲ್ಲೆಲ್ಲ ನಗಾಡಿದ್ದ.

ಕಳೆದ ಶುಕ್ರವಾರ ಸಂಜೆ ಅವಳು ಎರಡನೇ ಸಲ ಆವಿಗೆ ತುಂಬಿದಳು. ಮಣ್ಣಿನ ಪಸೆ ಆರಲೆಂದು ಕಡಿಮೆ ಕಾವಿಟ್ಟು, ಮುಚ್ಚಳದ ಕೆಳಗೆ ಇಟ್ಟಿಗೆ ಚೂರು ಸಿಕ್ಕಿಸಿ, ಎರಡು ಬೆರಳಷ್ಟು ಸಂದು ಬಿಟ್ಟು ಮಲಗಿದಳು. ಶನಿವಾರ ಬೆಳಗ್ಗೆ ಐದಕ್ಕೆ ಚೂರು ತೆಗೆದು ಮುಚ್ಚಿ, ಕಾವು ಏರಿಸಿದಳು. ಮಧ್ಯಾಹ್ನ ಒಂದಕ್ಕೆ ಸ್ವಿಚ್ಚು ಆರಿಸಿ, ಲೇಪದ ಪುಡಿ ತರಲು ಬಸ್ಸು ಹತ್ತಿದಳು. ದೀಪ ಹಚ್ಚುವ ಹೊತ್ತಿಗೆ ಮರಳಿದರೆ ಬಾಗಿಲಲ್ಲಿ ಜನ ಸೇರಿದ್ದರು. ಆವಿಗೆಯ ಹಿಂದಿನ ಗೋಡೆಯ ಹಲಗೆ ಹೊತ್ತಿಕೊಂಡಿತ್ತಂತೆ. ಭಾವ ಮರಳು ಎರಚಿ ಆರಿಸಿದ್ದ. ಕರೆಂಟು ಹೆಚ್ಚಾಗಿ ಹೀಗಾಯಿತು, ಇವಳು ಸ್ವಿಚ್ಚು ಆರಿಸುವುದನ್ನೇ ಮರೆತು ಹೋಗಿದ್ದಳು, ಎಂದು ಅವನು ಆಗಲೇ ಎಲ್ಲರಿಗೂ ಹೇಳಿ ಮುಗಿಸಿದ್ದ.

"ಈ ಕೈಯಾರೆ ಆರಿಸಿದೀನಿ. ಆವಿಗೆ ಪೂರ್ತಿ ತಣ್ಣಗಾಗ್ಲಿ ಅಂತ ನಿನ್ನೆಯೆಲ್ಲ ಕಾದು ಇವತ್ತು ಬೆಳಗ್ಗೆ ಮುಚ್ಚಳ ತೆಗೆದೆ. ಮೇಲಿನ ಸಾಲಿನ ಹನ್ನೊಂದು ಬೋಗುಣಿನೂ ಹೀಗೇ ಸೀಳಿವೆ. ಕೆಳಗಿನದು ಒಂದಕ್ಕೂ ಏನೂ ಆಗಿಲ್ಲ."

ಮೀಟರಮ್ಮ ಬೋಗುಣಿ ಎತ್ತಿಕೊಂಡು ಸೀಳಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ರಕ್ತ ಜಿನುಗಿತು.

"ಅಯ್ಯೋ, ಕುಯ್ತಲ್ಲಮ್ಮ," ಎಂದೆ.

"ಕುಯ್ಲಿ ಬಿಡು. ಕುಯ್ಯದಿದ್ರೆ ನನಗೆ ಕೆಲಸವೇ ಇರ್ತಿರ್ಲಿಲ್ಲ," ಎಂದು ಬೆರಳು ಚೀಪುತ್ತ ಚಪ್ಪಲಿ ಮೆಟ್ಟಿದಳು.

ಯಾರ ಮನೆಗೆ ಹೋದರೂ ಮೀಟರಮ್ಮ ಮೊದಲು ನೋಡುವುದು ಮೀಟರನ್ನು. ಮನೆಯವರ ಮುಖ ಆಮೇಲೆ. ಆವಿಗೆಗೆಂದೇ ಹಾಕಿಸಿದ ಬೇರೆ ಮೀಟರು ಶೆಡ್ಡಿನ ಹೊರಗೋಡೆಯಲ್ಲಿತ್ತು. ಅವಳು ಕನ್ನಡಕ ಏರಿಸಿ ಓದಿದಳು. ನಾನೂರ ಹನ್ನೆರಡು. ಜಿಗುಟಿ ಗಂಟೆಗಂಟೆಗೂ ಬರೆದಿಟ್ಟ ಪುಸ್ತಕ ತಂದಳು. ಕೊನೆಯ ಸಾಲು: 'ಒಂದು ಗಂಟೆ. ಕಡ್ಡಿ ಬಾಗಿತು. ಆಫ್. 412.'

"ಸರಿಯಾಗೇ ಇದೆ," ಎಂದೆ ನಾನು.

"ಸರಿಯಾಗೇ ಇದೆ ಅನ್ನೋದನ್ನ ನೆನಪಿಟ್ಕೋ."

ಆವಿಗೆಗೆ ವೈರು ಎಳೆದುಕೊಟ್ಟಿದ್ದ ವೈರ್‌ಮನ್ ಆಗಲೇ ಬಂದು ನಿಂತಿದ್ದ. ಎರಡು ದಿನದಿಂದ ಬೀದಿಯವರ ಬಾಯಿಗೆ ಬಿದ್ದು ಅವನ ಮುಖ ಸಣ್ಣದಾಗಿತ್ತು. "ಇಪ್ಪತ್ತು ವರ್ಷದಲ್ಲಿ ನನ್ನ ವೈರು ಒಂದು ಮನೆ ಸುಟ್ಟಿಲ್ಲಮ್ಮ. ನೋಡಿ ನೀವೇ. ಮೀಟರಿನಿಂದ ನೇರ ಹೆಬ್ಬೆರಳು ಗಾತ್ರದ ವೈರು, ನಡುವೆ ಒಂದು ಗಂಟಿಲ್ಲ. ಇದಕ್ಕೇ ಬೇರೆ ಎಂಸಿಬಿ. ಪ್ಲಗ್ಗು ಗಿಗ್ಗು ಏನೂ ಇಲ್ಲ, ಎಕ್ಸ್‌ಟೆನ್ಷನ್ ಅಂದ್ರೆ ಈಯಮ್ಮ ನನ್ನ ಹೊಡೆಯೋಕೇ ಬರ್ತಾಳೆ. ಅರ್ಥಿಂಗ್ ಗುಂಡಿ ಎಷ್ಟು ಆಳ ಇದೆ ಅಂತ ಟೇಪು ಹಿಡಿದು ಅಳೆದಳು. ಸಾಲಲ್ಲ ಅಂತ ಇನ್ನೊಂದು ಮೊಳ ನನ್ನ ಕೈಲೇ ಅಗೆಸಿದಳು."

ವೈರು ಎಲ್ಲಿಯೂ ಕಂದಿರಲಿಲ್ಲ. ಸ್ವಿಚ್ಚು ಬಾಗಿಲ ಬಳಿಯೇ ಇತ್ತು, ಅವಸರಕ್ಕೆ ಆವಿಗೆಯ ಹತ್ತಿರ ಹೋಗದೆ ಆರಿಸುವಂತೆ. ಪಕ್ಕದಲ್ಲಿ ಅರ್ಧ ಖಾಲಿಯಾದ ಮರಳಿನ ಬಕೆಟ್ಟು. ಆವಿಗೆಯು ಸಿಮೆಂಟು ನೆಲದ ಮೇಲೆ, ಗೇಣುದ್ದ ಕಾಲಿನ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂತಿತ್ತು. ಸೊಂಟದೆತ್ತರದ ದುಂಡನೆಯ ಡ್ರಮ್ಮು. ಮೇಲೆ ಹಿಂದಕ್ಕೆ ತೆರೆಯುವ ಮುಚ್ಚಳ. ಸುತ್ತ ಯಾವ ಗೋಡೆಯೂ ಒಂದೂವರೆ ಅಡಿಗಿಂತ ಹತ್ತಿರವಿರಲಿಲ್ಲ. ಹಿಂದಿನ ಗೋಡೆಗೆ ಆವಿಗೆಯ ಎತ್ತರದವರೆಗೆ ಸಿಮೆಂಟು ಶೀಟು ಹೊಡೆದಿತ್ತು. ಶೀಟು ಅಚ್ಚ ಬೂದು ಬಣ್ಣದಲ್ಲೇ ಇತ್ತು. ಕರಿಕಾಗಿದ್ದದ್ದು ಅದಕ್ಕಿಂತ ಮೇಲೆ, ನನ್ನ ತಲೆಯೆತ್ತರದ ಹಳೆಯ ಹಲಗೆ. ಅದೂ ನಡುವಿನ ಎರಡು ಅಡಿ ಮಾತ್ರ.

"ಈ ಹಲಗೆ ಯಾಕೆ ಬಿಟ್ಟೆ?" ಮೀಟರಮ್ಮನ ದನಿ ಗಡುಸಾಗಿತ್ತು.

ಜಿಗುಟಿ ಮೊದಲ ಸಲ ತಲೆ ತಗ್ಗಿಸಿದಳು. "ಕೀಳ್ತೀನಿ ಅಂದೆ. ಅಪ್ಪ ಹೊಡೆಸಿದ ಹಲಗೆ, ಇರ್ಲಿ ಅಂದ್ರು ಭಾವ. ಅಷ್ಟು ಮೇಲಿದೆ, ಮುಚ್ಚಿದ ಆವಿಗೆ ಏನು ಮಾಡುತ್ತೆ ಅಂತ ಬಿಟ್ಟೆ. ಅದು ನನ್ನದೇ ತಪ್ಪು."

"ಹೌದು, ನಿನ್ನದೇ."

ಮೀಟರಮ್ಮ ಆವಿಗೆಯೊಳಗೆ ಬಗ್ಗಿದಳು. ಬೋಗುಣಿ ಕೂರಿಸುವ ಮೇಲಿನ ಹಾಸಿನಲ್ಲಿ, ಅಂಟದಿರಲೆಂದು ಬಳಿದ ಬಿಳಿ ಪುಡಿಯ ಮೇಲೆ ಹನ್ನೊಂದು ಬೋಗುಣಿಗಳ ಗುರುತು ಸುತ್ತಲೂ ಇತ್ತು. ನಟ್ಟನಡುವೆ ಅಂಗೈಯಗಲದ ಇನ್ನೊಂದು ಉಂಗುರ. ಅದರೊಳಗೆ ನಾಲ್ಕಾರು ಕೆಂಪು ಮರಳಿನ ಕಣ. "ಇಲ್ಲಿ ಏನಿಟ್ಟಿದ್ದೆ?"

"ನಡುವೆ ಏನೂ ಇಟ್ಟಿಲ್ಲ. ಕಾವು ಆಡ್ಲಿ ಅಂತ ಜಾಗ ಬಿಡ್ತೀನಿ."

ಹಾಸಿನ ಅಂಚಿನಲ್ಲಿ ಬೆರಳುದ್ದದ ಮಣ್ಣಿನ ಕಡ್ಡಿ ನಿಂತಿತ್ತು. ಬೇಕಾದಷ್ಟು ಕಾವು ಬಂದೊಡನೆ ಬಾಗುವ ಕಡ್ಡಿ ಅದು. ಇನ್ನೂ ಕಾದರೆ ಕರಗಿ ಮಲಗಿಬಿಡುತ್ತದೆ. ಇದು ನಮಸ್ಕಾರ ಮಾಡುವವನಂತೆ ಬಾಗಿ ನಿಂತಿತ್ತು, ಅಷ್ಟೇ.

ಗೋಡೆಯಾಚೆ ಬಡಗಿಯ ಕೆಲಸದ ಮನೆ. ಮರದ ರಾಶಿಯ ಪಕ್ಕ ಆವಿಗೆ ಬೇಡವೆಂದು ಮೊದಲ ದಿನದಿಂದಲೂ ಜಗಳ ಕಾಯುತ್ತಿದ್ದವನು ಅವನು. ಅವನ ಗೋಡೆಯ ಮೊಳೆಯಲ್ಲಿ ದಪ್ಪ ಚರ್ಮದ ಕೈಗವಸು ತೂಗುತ್ತಿದ್ದುದನ್ನು ಕಂಡು ನಾನು ಮೀಟರಮ್ಮನ ಮೊಣಕೈ ತಿವಿದೆ. ಅವಳು ನೋಡಿದ್ದು ಅವನ ಗಡ್ಡವನ್ನು. ಎದೆಯವರೆಗೆ ಇಳಿದ ಗಡ್ಡ, ಒಂದು ಕೂದಲೂ ಕಂದಿರಲಿಲ್ಲ.

"ಶನಿವಾರ ಹೊಗೆ ಮೊದಲು ನೋಡಿದ್ಯಾರು?"

"ನಾನು ನೋಡೋ ಹೊತ್ತಿಗೆ ಚಕ್ರದಣ್ಣ 'ಬೆಂಕಿ' ಅಂತ ಕೂಗ್ತಿದ್ದ," ಎಂದ ಬಡಗಿ. "ಅದಕ್ಕೆ ಮುಂಚೆ ಒಂದು ಸದ್ದು ಬಂತು. ಚಹಾಕ್ಕೆ ಅಂತ ಮಿಷನ್ನು ನಿಲ್ಲಿಸಿದ್ದೆ, ಇನ್ನೂ ಐದು ಆಗಿರ್ಲಿಲ್ಲ. ಟಿಣ್, ಟಿಣ್ ಅಂತ, ಕುರಿಗೆ ಕಟ್ಟಿದ ಗಂಟೆ ಹಾಗೆ. ಇವಳು ಕುರಿ ಸಾಕೋಕೂ ಶುರು ಮಾಡಿದ್ಲಾ ಅಂದ್ಕೊಂಡೆ."

"ಆಗ ಹೊಗೆ ಇತ್ತಾ?"

"ಇಲ್ಲ. ಹೊಗೆ ಬಂದಿದ್ದು ಆಮೇಲೆ, ಅರ್ಧ ಚಹಾ ಕುಡಿದ ಮೇಲೆ."

ಹೊರಗೆ ಬಂದ ಮೇಲೆ ಮೀಟರಮ್ಮ ನನ್ನತ್ತ ತಿರುಗಿದಳು. "ಸೂಜಿಯಪ್ಪ, ನಿನ್ನ ಹತ್ರ ಒಂದು ಅಂಗಿ ಇದೆ ಅಲ್ವಾ? ತೇಪೆ ಹಾಕ್ಬೇಡ. ನಾಲ್ಕೂವರೆಗೆ ತಗೊಂಡು ಬಾ."

ನಾಲ್ಕೂವರೆಗೆ ಎಲ್ಲರೂ ಶೆಡ್ಡಿನಲ್ಲಿ ಸೇರಿದ್ದರು. ಅತ್ತೆ ಬಾಗಿಲ ಬಳಿ ಮಣೆ ಹಾಕಿ ಕೂತಿದ್ದಳು. ಗೋಡೆಗೊರಗಿ ಚಕ್ರದಣ್ಣ, ಅವನಿಂದ ದೂರದಲ್ಲಿ ವೈರ್‌ಮನ್ ಮತ್ತು ಬಡಗಿ. ಜಿಗುಟಿ ಆವಿಗೆಯ ಪಕ್ಕ, ಕಾವಲಿಗೆ ನಿಂತವಳ ಹಾಗೆ ಸೆರಗು ಬಿಗಿದು ನಿಂತಿದ್ದಳು.

"ನೀನು ಏನು ಹೇಳಿದ್ರೂ ಗಾಡಿ ಬರುತ್ತೆ," ಎಂದಳು ಅತ್ತೆ. "ನಾನು ಸತ್ರೆ ವಯಸ್ಸಾಗಿ ಸಾಯ್ತೀನಿ. ಸುಟ್ಕೊಂಡು ಸಾಯಲ್ಲ."

"ಬರ್ಲಿ ಅಕ್ಕ, ಗಾಡಿಗೂ ಕೆಲಸ ಇದೆ," ಎಂದಳು ಮೀಟರಮ್ಮ. "ಮೊದಲು ಮೀಟರಿನ ಮಾತು. ಇವಳು ಆರಿಸೋದು ಮರೆತಿದ್ರೆ ಸಂಜೆವರೆಗೆ ಆವಿಗೆ ಕರೆಂಟು ತಿಂತಾ ಇರ್ಬೇಕಿತ್ತು. ಒಂದು ಗಂಟೆಗೆ ನಾನೂರ ಹನ್ನೆರಡು, ಇವತ್ತೂ ನಾನೂರ ಹನ್ನೆರಡು. ಬೆಂಕಿ ಬಿದ್ದಾಗ ಇದರೊಳಗೆ ಕರೆಂಟೇ ಇರ್ಲಿಲ್ಲ."

"ಮೀಟರು ಕೆಟ್ಟಿರ್ಬಹುದು," ಎಂದ ಚಕ್ರದಣ್ಣ.

"ಮೀಟರು ಕೆಟ್ರೆ ಕಡ್ಡಿನೂ ಕೆಡುತ್ತಾ? ಇನ್ನೂ ಕಾದಿದ್ರೆ ಈ ಕಡ್ಡಿ ಕರಗಿ ಮಲಗ್ತಿತ್ತು. ಸರಿಯಾಗಿ ಬಾಗಿ ನಿಂತಿದೆ. ಕಾವು ಹೆಚ್ಚಾಗಿಲ್ಲ. ಈಗ ಬೋಗುಣಿ ನೋಡಿ. ಕಾವು ಏರೋವಾಗಲೇ ಸೀಳಿದ್ರೆ ಲೇಪ ಕರಗಿ ಸೀಳಿನ ಅಂಚು ಮೊಂಡಾಗ್ತಿತ್ತು. ಇದು ಬ್ಲೇಡಿನ ಹಾಗೆ ನನ್ನ ಬೆರಳು ಕುಯ್ತು. ಅಂದ್ರೆ ಲೇಪ ಕರಗಿ, ಮತ್ತೆ ಗಟ್ಟಿಯಾದ ಮೇಲೆ ಸೀಳಿದ್ದು. ಬಿಸಿ ಇರೋವಾಗ ತಣ್ಣನೆ ಗಾಳಿ ಬಡಿದಿದೆ. ಯಾರೋ ಮುಚ್ಚಳ ತೆಗೆದಿದ್ದಾರೆ. ಬಡಗಿಯಣ್ಣ, ನೀನು ಕೇಳಿದ್ದು ಕುರಿ ಗಂಟೆ ಅಲ್ಲ, ಹನ್ನೊಂದು ಬೋಗುಣಿ ಒಡೆದ ಸದ್ದು."

ಬಡಗಿ ಗಡ್ಡ ನೀವಿಕೊಂಡ.

"ಹಲಗೆನೂ ಅದನ್ನೇ ಹೇಳುತ್ತೆ. ವೈರು ಸುಟ್ಟಿಲ್ಲ, ಶೀಟು ಕಂದಿಲ್ಲ. ಸುಟ್ಟಿರೋದು ತೆರೆದ ಮುಚ್ಚಳದ ಮೇಲಕ್ಕೆ, ಮುಚ್ಚಳದಷ್ಟೇ ಅಗಲ. ಒಳಗಿದ್ದ ಧಗೆಯೆಲ್ಲ ಎದ್ದು ಒಣ ಹಲಗೆಗೆ ಬಡೀತು. ಮೊದಲು ಟಿಣ್ ಟಿಣ್, ಆಮೇಲೆ ಹೊಗೆ. ಬೆಂಕಿ ಮೊದಲಾಗಿದ್ರೆ ಇದು ತಿರುಗಾಮುರುಗಾ ಆಗ್ತಿತ್ತು."

"ಸರಿ, ತೆಗೆದವರು ಯಾರು?" ಅತ್ತೆಯ ಕಣ್ಣು ಬಡಗಿಯ ಮೇಲೆ ಹೋಯಿತು. ಅವನು ಬಾಯಿ ತೆರೆಯುವ ಮೊದಲೇ ಮೀಟರಮ್ಮ ಅಂದಳು:

"ಆ ಧಗೆ ಮೇಲೆ ಬಗ್ಗಿದ್ರೆ ಅವನ ಗಡ್ಡ ಪೊರಕೆಯಾಗ್ತಿತ್ತು. ಕೆಡಿಸೋಕೆ ಅಂತ ಬಂದವರೂ ಅಲ್ಲ. ಕೆಡಿಸೋಕೆ ಬಂದವರು ಏನಾದ್ರೂ ಹಾಕಿ ಹೋಗ್ತಾರೆ. ಇವರು ಒಂದು ತಗೊಂಡು ಹೋಗಿದ್ದಾರೆ. ಮೇಲಿನ ಹಾಸಿನ ನಡುವೆ ಒಂದು ಉಂಗುರ ಇದೆ, ಕೆಂಪು ಮರಳು ಇದೆ. ಇವಳ ಮಣ್ಣು ಬಿಳಿ, ಒಂದು ಕಾಳು ಮರಳಿಲ್ಲ. ಶುಕ್ರವಾರ ಮುಚ್ಚಳ ಸಂದು ಬಿಟ್ಟು ಇವಳು ಮಲಗೋಕೆ ಹೋದ ಮೇಲೆ ಯಾರೋ ಒಂದು ಸಣ್ಣ ಕೆಂಪು ಮಡಕೆ ಒಳಗಿಟ್ರು. ಬೆಳಗ್ಗೆ ಇವಳು ಕಣ್ಣುಜ್ಜಿಕೊಂಡು, ನೋಡದೆ ಮುಚ್ಚಿದಳು. ಸೂಜಿಯಪ್ಪ, ಅಂಗಿ ತೆಗಿ."

ನಾನು ಚಕ್ರದಣ್ಣನ ಅಂಗಿಯ ಮಡಿಕೆ ಬಿಡಿಸಿ ಕೊಟ್ಟೆ. ಅವಳು ತೋಳುಗಳನ್ನು ಮುಂದಕ್ಕೆ ಚಾಚಿ ಹಿಡಿದಳು.

"ಬೆಂಕಿ ಇದ್ದದ್ದು ತಲೆ ಮಟ್ಟಕ್ಕೆ. ಅದನ್ನ ಆರಿಸೋಕೆ ಹೋದವನ ಹೆಗಲು ಸುಡ್ಬೇಕು, ಕಾಲರು ಸುಡ್ಬೇಕು. ಇಲ್ಲಿ ಸುಟ್ಟಿರೋದು ತೋಳಿನ ಅಡಿ. ಧಗೆ ಕೆಳಗಿನಿಂದ ಬಂದಿದೆ. ಒಂದು ಕೈ ಮುಚ್ಚಳ ಎತ್ತಿ ಹಿಡಿದಿದೆ, ಇನ್ನೊಂದು ಕೈ ಕೊಕ್ಕೆ ಹಿಡ್ಕೊಂಡು ಆವಿಗೆ ಬಾಯಿ ಮೇಲೆ ಚಾಚಿದೆ."

ಬೆಳಗ್ಗೆ ಆ ಅಂಗಿ ನನ್ನ ತೊಡೆಯ ಮೇಲೇ ಇತ್ತು. ನನ್ನ ಕಿವಿ ಬಿಸಿಯಾಯಿತು.

ಚಕ್ರದಣ್ಣ ನಕ್ಕ. "ಚೆನ್ನಾಗಿದೆ ಕತೆ. ನಾನು ಇವಳ ಡಬ್ಬಿ ಒಳಗೆ ನನ್ನ ಮಡಕೆ ಇಡ್ತೀನಾ? ಎಲ್ಲಿ ಆ ಮಡಕೆ, ತೋರ್ಸು."

ಮೀಟರಮ್ಮ ಅಂಗಳ ದಾಟಿ ಅವನ ಉಗ್ರಾಣಕ್ಕೆ ಹೋದಳು. ಮಾರಾಟಕ್ಕೆ ಜೋಡಿಸಿದ ಕೆಂಪು ಮಡಕೆಗಳು ಗೋಡೆಯುದ್ದಕ್ಕೂ ಇದ್ದವು. ಅವಳು ಒಂದೊಂದನ್ನೇ ಬೆರಳಗಂಟಿನಿಂದ ತಟ್ಟುತ್ತ ನಡೆದಳು. ಡಬ್. ಡಬ್. ಡಬ್. ನಾವೆಲ್ಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆವು. ಮೂಲೆಯಲ್ಲಿ ದೊಡ್ಡ ಗುಡಾಣದ ಹಿಂದೆ, ಅಂಗೈಯಗಲ ತಳದ ಒಂದು ಸಣ್ಣ ಕುಡಿಕೆ. ತಟ್ಟಿದಾಗ ಅದು ಖಣ್ಣೆಂದಿತು. ಆ ದನಿ ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಂತಿತು.

"ಇದು ಯಾರದ್ದೂ ಅಲ್ಲ ಅಂತಾಯ್ತು," ಎಂದು ಅವಳು ಅದನ್ನೆತ್ತಿ ಕಲ್ಲಿನ ಹೊಸ್ತಿಲ ಮೇಲೆ ಹಿಡಿದಳು. "ಒಡೆದು ಒಳಗೆ ಹೇಗೆ ಬೆಂದಿದೆ ನೋಡೋಣ."

"ಒಡೀಬೇಡ." ಚಕ್ರದಣ್ಣನ ಎರಡು ಕೈಗಳೂ ಕುಡಿಕೆಯ ಕೆಳಗೆ ಚಾಚಿದ್ದವು. ಅಂಗಿಯ ತೋಳು ಹಿಂದೆ ಸರಿದು, ಮುಂಗೈಯ ಅಡಿಯ ಕೆಂಪು ಬೊಬ್ಬೆಗಳು ಕಂಡವು.

ಅವನು ಕುಡಿಕೆಯನ್ನು ಕೈಗೆ ತೆಗೆದುಕೊಂಡ.

"ಹೋದ ಸಲ ಇವಳ ಬೋಗುಣಿ ಒಂದನ್ನ ತಟ್ಟಿ ನೋಡಿದೆ," ಎಂದ. "ಮೂವತ್ತು ವರ್ಷದಿಂದ ತಿರುಗಿಸ್ತಿದ್ದೀನಿ, ನನ್ನದು ಒಂದೂ ಹಾಗೆ ಕೂಗಿಲ್ಲ. ನನ್ನ ಮಣ್ಣು ಇದರಲ್ಲಿ ಬೆಂದ್ರೆ ಹೇಗಿರುತ್ತೆ ಅಂತ ನೋಡ್ಬೇಕನ್ನಿಸ್ತು. ಬಾಯಿಬಿಟ್ಟು ಕೇಳೋಕಾಗುತ್ತಾ, ಊರೆಲ್ಲ ಇಡ್ಲಿ ಅಂತ ನಕ್ಕವನು? ಭಾನುವಾರ ಇವಳು ಶೆಡ್ಡು ಬಿಟ್ಟು ಕದಲಲ್ಲ. ಶನಿವಾರವೇ ತೆಗೀಬೇಕಿತ್ತು. ಸೌದೆ ಆವಿಗೆಲಿ ನಾವು ಕೆಂಡದಂಥ ಮಡಕೆನ ಕೊಕ್ಕೆ ಹಾಕಿ ಎಳ್ಕೊಳ್ಳಲ್ವಾ? ನಮ್ಮದಕ್ಕೆ ಮರಳಿರುತ್ತೆ, ತಡ್ಕೊಳ್ಳುತ್ತೆ. ಇವಳದು ಅಷ್ಟು ನಾಜೂಕು ಅಂತ ನನಗೇನು ಗೊತ್ತು. ಅಂಗೈಗೆ ಒದ್ದೆ ಗೋಣಿ ಸುತ್ಕೊಂಡು ಮುಚ್ಚಳ ಎತ್ತಿದೆ. ಮುಚ್ಚಿ ತಿರುಗೋದ್ರೊಳಗೆ ಹಲಗೆ ಹತ್ಕೊಂಡಿತ್ತು. ಜನ ಬಂದು ಏನಾಯ್ತು ಅಂದ್ರು. ಕರೆಂಟು ಅಂದೆ. ಒಂದು ಸಲ ಅಂದ ಮೇಲೆ ಮುಗೀತಲ್ಲ."

"ಮುಗೀಲಿಲ್ಲ ಭಾವ," ಎಂದಳು ಜಿಗುಟಿ. ದನಿ ಏರಿರಲಿಲ್ಲ. "ಹನ್ನೊಂದು ಬೋಗುಣಿ ಹೋಯ್ತು, ಅದು ಮಣ್ಣು, ಮತ್ತೆ ಮಾಡ್ತೀನಿ. ಎರಡು ದಿನದಿಂದ ಇಡೀ ಬೀದಿ ನನಗೆ ಕೆಲಸ ಬರಲ್ಲ ಅಂತಿದೆ, ಈ ಅಣ್ಣನ ವೈರು ಸರಿಯಿಲ್ಲ ಅಂತಿದೆ. ಕರೆಂಟು ಅಂತ ಯಾವ್ಯಾವ ಬಾಗಿಲಲ್ಲಿ ಹೇಳಿದ್ರೋ, ಆ ಒಂದೊಂದು ಬಾಗಿಲಿಗೂ ಹೋಗಿ ನಾನು ಅಂತ ಹೇಳಿ ಬನ್ನಿ. ಆಮೇಲೆ ಬೇಕಿದ್ರೆ ನಿಮ್ಮ ಮಡಕೆ ತನ್ನಿ. ಹಗಲು ಹೊತ್ತು ತನ್ನಿ. ಪುಸ್ತಕದಲ್ಲಿ ಬರ್ಕೊಂಡು ಇಡ್ತೀನಿ."

ಚಕ್ರದಣ್ಣ ತಾಯಿಯ ಮುಖ ನೋಡಿದ. ಅತ್ತೆ ಅವನ ಕೈಯಿಂದ ಕುಡಿಕೆ ಕಸಿದುಕೊಂಡು ತಾನೂ ಒಮ್ಮೆ ತಟ್ಟಿದಳು. ಕಿವಿಗೆ ಹತ್ತಿರ ಹಿಡಿದು ಇನ್ನೊಮ್ಮೆ ತಟ್ಟಿದಳು. ಹೊರಗೆ ಗಾಡಿ ನಿಂತ ಸದ್ದಾಯಿತು.

"ಏನು ಹೇರ್ಬೇಕು ಅಮ್ಮ?" ಗಾಡಿಯವನು ತಲೆಗೆ ಸಿಂಬಿ ಸುತ್ತುತ್ತ ಒಳಗೆ ಬಂದ.

"ಹಲಗೆ," ಎಂದಳು ಅತ್ತೆ.

"ಹಲಗೆನಾ? ಭಟ್ಟಿ ಅಂತ ಹೇಳಿ ಕಳಿಸಿದ್ರಿ. ಹಲಗೆಗೆ ಗಾಡಿ ಯಾಕೆ?"

"ನಿನಗೆ ಬಾಡಿಗೆ ಕೊಡೋದು ಮಾತಾಡೋಕಲ್ಲ. ಲೋ, ನಿಮ್ಮಪ್ಪನ ಹಲಗೆ ಅಂದ್ಯಲ್ಲ, ನೀನೇ ಕೀಳು."

ಚಕ್ರದಣ್ಣ ಏಣಿ ಹತ್ತಿದ. ಬಡಗಿ ಇಕ್ಕಳ ತಂದುಕೊಟ್ಟು ಏಣಿ ಹಿಡಿದುಕೊಂಡ. ಮೊಳೆಗಳು ಕಿರುಗುಡುತ್ತ ಬಂದವು. ಇಳಿದ ಮೇಲೆ ಚಕ್ರದಣ್ಣ ನನ್ನ ಕೈಲಿದ್ದ ಅಂಗಿಯತ್ತ ನೋಡಿ, "ತೇಪೆ ಬೇಡ. ಕತ್ತರಿಸಿ ಅರ್ಧ ತೋಳು ಮಾಡಿಬಿಡು," ಎಂದು ಮೊದಲ ಮನೆಯ ಕಡೆ ನಡೆದ. ಬೀದಿಯಲ್ಲಿ ನಲವತ್ತು ಮನೆಗಳಿದ್ದವು.

ಜಿಗುಟಿ ಕಾಯಲಿಲ್ಲ. ಹಾಸು ಒರೆಸಿ ಹೊಸದಾಗಿ ಪುಡಿ ಬಳಿದಳು. ಒಣಗಿ ಸಿದ್ಧವಿದ್ದ ಬೋಗುಣಿಗಳನ್ನು ಒಂದೊಂದಾಗಿ ಜೋಡಿಸಿದಳು. ಮುಚ್ಚಳದ ಕೆಳಗೆ ಇಟ್ಟಿಗೆ ಚೂರು ಸಿಕ್ಕಿಸಿ, ಬಾಗಿಲ ಬಳಿ ಬಂದು ಸ್ವಿಚ್ಚು ಒತ್ತಿದಳು. ಮೀಟರಮ್ಮ ಆಗಲೇ ಹೊರಗೆ ಹೋಗಿ ಮೀಟರಿನ ಕೆಂಪು ಕಣ್ಣು ಮಿಟುಕುವುದನ್ನು ನೋಡುತ್ತ ನಿಂತಿದ್ದಳು.

ಅತ್ತೆ ಮಣೆಯನ್ನು ಎಳೆದು ಶೆಡ್ಡಿನ ಹೊಸ್ತಿಲಿಗೆ ಅಡ್ಡ ಹಾಕಿ ಕೂತಳು. ಕುಡಿಕೆ ಮಡಿಲಲ್ಲಿತ್ತು.

"ನೀನು ಹೋಗಿ ಉಣ್ಣು," ಎಂದಳು ಸೊಸೆಗೆ. "ಇದನ್ನ ನಾನು ಕಾಯ್ತೀನಿ. ಯಾವನು ಬಂದು ಮುಚ್ಚಳ ಮುಟ್ತಾನೋ ಮುಟ್ಲಿ, ನೋಡ್ತೀನಿ."